ಮಂಡಿಗೆ ಲೋಹ, ಮೈಗೆ ರಬ್ಬರು

ಮುರುಡೇಶ್ವರದಿಂದ ಬೆಳಿಗ್ಗೆ ಹೊರಟ ಬೋಟ್ ನೇತ್ರಾಣಿ ದ್ವೀಪದ ಮಗ್ಗುಲಿಗೆ ಬಂದು ಲಂಗರು ಬಿಡಲು ಸುಮಾರು ಒಂದೂವರೆ ಗಂಟೆ ಬೇಕು. ಎಂಜಿನ್ ಸದ್ದು ನಿಂತದ್ದೇ ತಡ, ಬೋಟ್ ಅಡ್ಡಡ್ಡ ತೂಗಾಡಲು ಶುರುಮಾಡುತ್ತದೆ. ಅದೇ ಹೊತ್ತಿಗೆ ರಬ್ಬರಿನ ವೆಟ್‌ಸೂಟುಗಳ ರಾಶಿ ಬಂದು ಬೀಳುತ್ತದೆ. ನಿನ್ನೆಯ ಉಪ್ಪುನೀರಿನ ವಾಸನೆ, ಅಲ್ಲಲ್ಲಿ ಇನ್ನೂ ಆರದ ತೇವ. ಇಪ್ಪತ್ತೈದರ ಹುಡುಗರು ಒಬ್ಬರ ಹೆಗಲನ್ನು ಇನ್ನೊಬ್ಬರು ಹಿಡಿದು, ಒಂಟಿಗಾಲಲ್ಲಿ ಕುಣಿಯುತ್ತ, ನಗಾಡುತ್ತಲೇ ಅದರೊಳಗೆ ತೂರಿಕೊಂಡುಬಿಡುತ್ತಾರೆ. ಅರವತ್ತು ದಾಟಿ, ಮಂಡಿ ಬದಲಾಯಿಸಿಕೊಂಡು, ಮತ್ತೆ ಡೈವಿಂಗಿಗೆ ಬಂದವರು ಹಲಗೆಯ ಮೇಲೆ ಕೂತು ಶುರುಮಾಡಬೇಕು. ಬೆರಳು ತೂರುತ್ತದೆ, ಅರ್ಧ ಪಾದ ತೂರುತ್ತದೆ, ಹಿಮ್ಮಡಿಯ ಹತ್ತಿರ ರಬ್ಬರು ಕಚ್ಚಿಕೊಳ್ಳುತ್ತದೆ. ಎಳೆಯಬೇಕೆಂದರೆ ಮಂಡಿಯನ್ನು ಪೂರ್ತಿ ಮಡಚಿ ಹಿಮ್ಮಡಿಯನ್ನು ಕೈಗೆ ಎಟುಕಿಸಿಕೊಳ್ಳಬೇಕು. ಮಂಡಿ ಅಷ್ಟು ಮಡಚುವುದಿಲ್ಲ. ಬೋಟ್ ವಾಲುತ್ತದೆ.

ಮಂಡಿ ಆಪರೇಷನ್ ಆದವರು ಡೈವಿಂಗಿನ ಮಾತೆತ್ತಿದರೆ ಮನೆಯವರು ಮೊದಲು ಕೇಳುವುದು ಆಳದ ಬಗ್ಗೆ. ಅಷ್ಟು ಕೆಳಗೆ ಹೋದರೆ ಒಳಗಿನ ಲೋಹ ಏನಾದೀತು? ಒತ್ತಡಕ್ಕೆ ಅಂಟು ಬಿಟ್ಟುಕೊಂಡೀತೆ? ಕೇಳುವುದು ಸಹಜವೇ, ಆದರೆ ಹೆದರಬೇಕಾದ ಜಾಗ ಅದಲ್ಲ. ನೀರಿಗೆ ಇಳಿದ ಮೇಲೆ ಕೃತಕ ಮಂಡಿಯಷ್ಟು ತಂಟೆ ಕೊಡದ ಭಾಗ ಮೈಯಲ್ಲಿ ಇನ್ನೊಂದಿರಲಿಕ್ಕಿಲ್ಲ. ತಾಪತ್ರಯವೆಲ್ಲ ನೀರಿನ ಹೊರಗಿದೆ. ಸೂಟಿನ ಕಾಲು, ಒದ್ದೆ ನೆಲ, ಬೆನ್ನ ಮೇಲಿನ ಸಿಲಿಂಡರು, ಬೋಟಿನ ಏಣಿ: ಇಷ್ಟನ್ನು ಸರಿಮಾಡಿಕೊಂಡವರಿಗೆ ಸಮುದ್ರ ಮತ್ತೆ ಬಾಗಿಲು ತೆರೆಯುತ್ತದೆ.

ಒತ್ತಡದ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದೊಂದು ವಾಯುಮಂಡಲದಷ್ಟು ಒತ್ತಡ ಸೇರುತ್ತ ಹೋಗುತ್ತದೆ. 10 ಮೀಟರಿನಲ್ಲಿ ಅದು ದಡದಲ್ಲಿದ್ದದ್ದರ ಎರಡು ಪಟ್ಟು, 30 ಮೀಟರಿನಲ್ಲಿ ನಾಲ್ಕು ಪಟ್ಟು. ಈ ಒತ್ತಡಕ್ಕೆ ಕುಗ್ಗುವುದು ಗಾಳಿ. ಆದ್ದರಿಂದಲೇ ಕಿವಿ ನೋಯುತ್ತದೆ, ಸೈನಸ್ ಹಿಂಡುತ್ತದೆ, ಮಾಸ್ಕು ಮುಖಕ್ಕೆ ಒತ್ತಿಕೊಳ್ಳುತ್ತದೆ. ಘನವಸ್ತುವಿಗೆ ಇಷ್ಟು ಆಳ ಲೆಕ್ಕಕ್ಕೇ ಇಲ್ಲ. ಈಗಿನ ಕೃತಕ ಮಂಡಿಯಲ್ಲಿ ತೊಡೆಮೂಳೆಯ ತುದಿಗೆ ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಟೊಪ್ಪಿಗೆ, ಕಾಲುಮೂಳೆಯ ತಲೆಗೆ ಬಹುಪಾಲು ಟೈಟಾನಿಯಂ ತಟ್ಟೆ, ನಡುವೆ ಗಟ್ಟಿ ಪಾಲಿಎಥಿಲೀನಿನ ಬಿಲ್ಲೆ ಇರುತ್ತವೆ. ಇವನ್ನು ಮೂಳೆಗೆ ಕಚ್ಚಿಸಿ ಹಿಡಿಯುವುದು ಅಕ್ರಿಲಿಕ್ ಸಿಮೆಂಟು. ಒತ್ತಡ ಬಿದ್ದಾಗ ಕುಗ್ಗಿ ಕೆಡಬೇಕಾದ ಗಾಳಿಗೂಡು ಇದರಲ್ಲಿಲ್ಲ. ಮಂಡಿಯ ಲೋಹಕ್ಕೆ ತಾನು ನೇತ್ರಾಣಿಯ ಬಂಡೆಯ ಬುಡದಲ್ಲಿದ್ದೇನೋ ಮನೆಯ ಸೋಫಾದ ಮೇಲಿದ್ದೇನೋ ಗೊತ್ತೇ ಆಗುವುದಿಲ್ಲ.

ಇಷ್ಟು ಸಾಧುವಾದ ಮಂಡಿ ಸಿಕ್ಕಿದ್ದು ಸುಲಭಕ್ಕಲ್ಲ. 1890ರಲ್ಲಿ ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲುಕ್ ಎಂಬ ಶಸ್ತ್ರವೈದ್ಯ ಕ್ಷಯ ತಗುಲಿ ಹಾಳಾದ ಮಂಡಿಗೆ ಆನೆದಂತದಲ್ಲಿ ಕಡೆದ ಕೀಲು ಕೂರಿಸಿದ್ದ. ಆ ಪ್ರಯತ್ನಗಳನ್ನು ಸೋಂಕು ನುಂಗಿತು. ಇಂದು ಹಾಕುವ ಮಂಡಿಗಳ ಮೂಲಮಾದರಿ ಎನ್ನಬಹುದಾದದ್ದು ರೋಗಿಯ ಕಾಲಿಗೆ ಬಂದದ್ದು 1974ರಲ್ಲಿ, ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ. ಅದನ್ನು ರೂಪಿಸಿದ ಜಾನ್ ಇನ್ಸಾಲ್, ಪೀಟರ್ ವಾಕರ್ ಅವರ ಜೊತೆಗಿದ್ದ ಮೂರನೆಯವರು ಭಾರತ ಮೂಲದ ಚಿತ್ತರಂಜನ್ ರಾಣಾವತ್. ಅಟಲ್ ಬಿಹಾರಿ ವಾಜಪೇಯಿ ಪ್ರಧಾನಿಯಾಗಿದ್ದಾಗ, 2000ದಲ್ಲಿ ಎಡಮಂಡಿ, 2001ರಲ್ಲಿ ಬಲಮಂಡಿ, ಎರಡನ್ನೂ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಬದಲಾಯಿಸಿದವರು ಇವರೇ. ಅಲ್ಲಿಯವರೆಗೆ ದೊಡ್ಡ ಊರಿನ ಶ್ರೀಮಂತರ ಸಂಗತಿಯಾಗಿದ್ದ 'ಮಂಡಿ ಚಿಪ್ಪು ಬದಲಾವಣೆ' ಅಂದಿನಿಂದ ಜಗಲಿಕಟ್ಟೆಯ ಮಾತಾಯಿತು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ತೆರಿಗೆ ಬಿಟ್ಟು ₹54,720ರ ಮಿತಿ ಹಾಕಿದ ಮೇಲೆ ಮಧ್ಯಮ ವರ್ಗದವರಿಗೂ ಅದು ಇನ್ನಷ್ಟು ಹತ್ತಿರವಾಯಿತು.

ಅದೇ ಬರ್ಲಿನ್ನಿನಲ್ಲಿ ಇತ್ತೀಚೆಗೆ ನಡೆದ ಇನ್ನೊಂದು ಕೆಲಸ ಡೈವರುಗಳಿಗೆ ಹೆಚ್ಚು ಉಪಯೋಗದ್ದು. ಅಲ್ಲಿನ ಸಂಶೋಧಕರು ಸೆನ್ಸರ್ ಅಳವಡಿಸಿದ ಕೃತಕ ಮಂಡಿಗಳನ್ನು ಕೆಲವು ರೋಗಿಗಳಿಗೆ ಹಾಕಿ, ಯಾವ ಚಲನೆಯಲ್ಲಿ ಎಷ್ಟು ಭಾರ ಬೀಳುತ್ತದೆಂದು ಒಳಗಿನಿಂದಲೇ ಅಳೆದರು. ಸಮತಟ್ಟಾದ ನೆಲದ ಮೇಲೆ ನಡೆದರೆ ಮೈತೂಕದ ಎರಡೂವರೆ ಪಟ್ಟು. ಮೆಟ್ಟಿಲು ಹತ್ತಿ ಇಳಿಯುವಾಗ ಮೂರು ಪಟ್ಟಿಗೂ ಹೆಚ್ಚು. ಈಗ ಬೋಟಿಗೆ ಬನ್ನಿ. ಮೈತೂಕ 70 ಕಿಲೋ. ಸಿಲಿಂಡರು, ಅದನ್ನು ಹೊರುವ ಗಾಳಿ ತುಂಬುವ ಜಾಕೆಟ್ಟು, ಮುಳುಗಲು ಸೊಂಟಕ್ಕೆ ಕಟ್ಟುವ ಸೀಸ ಎಲ್ಲ ಸೇರಿ ಇನ್ನೊಂದು 20 ಕಿಲೋ. ನೀರಿನಲ್ಲಿ ಇದೆಲ್ಲ ಸೊನ್ನೆ. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟು ಮೈ ಮೇಲೆತ್ತಿದ ಕ್ಷಣ, ಒಂದೇ ಮಂಡಿಯ ಮೇಲೆ ಕಾಲು ಟನ್ನಿಗೂ ಮಿಕ್ಕಿದ ಭಾರ. 18 ಮೀಟರ್ ಆಳ ಮಾಡದ್ದನ್ನು ಐದು ಮೆಟ್ಟಿಲಿನ ಏಣಿ ಮಾಡುತ್ತದೆ.

ಹಾಗಾದರೆ ಆಪರೇಷನ್ ಆದ ಎಷ್ಟು ದಿನಕ್ಕೆ ನೀರಿಗಿಳಿಯಬಹುದು? ಇದಕ್ಕೆ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ತೋರಿಸುವ ಉತ್ತರವಿಲ್ಲ. ಹೊಲಿಗೆ ಬಿಚ್ಚಲು ಎರಡು ವಾರ. ಗಾಯ ಪೂರ್ತಿ ಮುಚ್ಚಿ, ಎಲ್ಲೂ ಜಿನುಗದೆ, ಮೈಯನ್ನು ನೀರಲ್ಲಿ ಮುಳುಗಿಸಬಹುದೆಂದು ವೈದ್ಯರು ಹೇಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಆಮೇಲೆ ಈಜುಕೊಳಕ್ಕೆ ಕಳಿಸುವವರು ಅವರೇ. ಸೊಂಟದ ಮಟ್ಟದ ನೀರಲ್ಲಿ ನಿಂತರೆ ಮೈತೂಕ ಅರ್ಧಕ್ಕಿಳಿಯುತ್ತದೆ, ನೆಲದ ಮೇಲೆ ಮುಖ ಹಿಂಡುತ್ತಿದ್ದ ವ್ಯಾಯಾಮವನ್ನು ಅಲ್ಲಿ ಹರಟೆ ಹೊಡೆಯುತ್ತ ಮಾಡಬಹುದು. ಆದರೆ ಈಜುಕೊಳಕ್ಕೂ ಸ್ಕೂಬಾಕ್ಕೂ ನಡುವೆ ದೊಡ್ಡ ಅಂತರವಿದೆ. ಮಂಡಿ ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಅದನ್ನು ತಡೆಯಲೆಂದೇ ರಕ್ತ ತೆಳುವಾಗಿಸುವ ಔಷಧಿ ಕೊಡುತ್ತಾರೆ. ಆ ಔಷಧಿ ನಡೆಯುತ್ತಿರುವಾಗ ಕಿವಿಯಲ್ಲೋ ಸೈನಸಿನಲ್ಲೋ ಒತ್ತಡದ ಪೆಟ್ಟಾದರೆ ರಕ್ತ ನಿಲ್ಲುವುದು ಕಷ್ಟ. ಬಾವು ಇಳಿದು, ಔಷಧಿ ನಿಂತು, ತೊಡೆಗೆ ಬಲ ಬಂದು, ಏಣಿಯನ್ನು ಧೈರ್ಯವಾಗಿ ಹತ್ತುವ ಹೊತ್ತಿಗೆ ಸುಮಾರು ಆರು ತಿಂಗಳಾದರೂ ಆಗಿರುತ್ತದೆ. ಕೆಲವರಿಗೆ ವರ್ಷವೂ ಹಿಡಿಯುತ್ತದೆ.

ಡೈವಿಂಗ್ ಕೇಂದ್ರಗಳು ತುಂಬಿಸಿಕೊಳ್ಳುವ ಆರೋಗ್ಯದ ಫಾರಂನಲ್ಲಿ ಎರಡು ಪ್ರಶ್ನೆಗಳು ಈ ವಯಸ್ಸಿನವರ ಎದೆಗೇ ಬಂದು ತಾಗುತ್ತವೆ: ವಯಸ್ಸು 45 ದಾಟಿದೆಯೆ? ಕಳೆದ 12 ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಆಗಿದೆಯೆ? ಎರಡನೆಯದಕ್ಕೆ ಹೌದೆಂದರೆ ವೈದ್ಯರ ಸಹಿ ಬೇಕು. ಸಹಿಯ ತಲೆಬೇನೆ ಯಾಕೆಂದು 'ಇಲ್ಲ' ಎಂದು ಗೀಚಿ ಬೋಟ್ ಹತ್ತುವವರು ಎಲ್ಲ ದೇಶದಲ್ಲೂ ಇದ್ದಾರೆ. ಹಿಟ್ಲರನ ಕಾಲದ ಪ್ರಚಾರಚಿತ್ರಗಳಿಂದ ಕುಖ್ಯಾತಿ ಪಡೆದ ಜರ್ಮನ್ ನಿರ್ದೇಶಕಿ ಲೆನಿ ರೀಫೆನ್‌ಸ್ಟಾಲ್ 1970ರ ದಶಕದಲ್ಲಿ, ಎಪ್ಪತ್ತು ದಾಟಿದ ಮೇಲೆ, ವಯಸ್ಸನ್ನು ಇಪ್ಪತ್ತು ವರ್ಷ ಕಡಿಮೆ ಬರೆಸಿ ಡೈವಿಂಗ್ ಕಲಿತರು; ನೂರನೇ ವಯಸ್ಸಿನಲ್ಲಿ, 2002ರಲ್ಲಿ, ನೀರಡಿಯ ಚಿತ್ರವೊಂದನ್ನೂ ಬಿಡುಗಡೆ ಮಾಡಿದರು. ಆ ಸುಳ್ಳನ್ನು ಜನ ಮೆಚ್ಚುಗೆಯಿಂದ ಹೇಳಿಕೊಳ್ಳುವುದುಂಟು. ಮಂಡಿಯ ವಿಷಯದಲ್ಲಿ ಅಂಥ ಸುಳ್ಳು ಒಬ್ಬರಿಗೇ ನಿಲ್ಲುವುದಿಲ್ಲ. ಏಣಿಯ ಬುಡದಲ್ಲಿ ಕಾಲು ಕೈಕೊಟ್ಟರೆ ಕೆಳಗಿರುವವರ ಮೇಲೆ ಬೀಳುವುದು 90 ಕಿಲೋ.

ಆ ಫಾರಂ ಕೇಳದ, ಆದರೆ ಯೋಚಿಸಲೇಬೇಕಾದ ಸಂಗತಿ ಇನ್ನೊಂದಿದೆ. ಮಂಡಿ ಸವೆದು ಆಪರೇಷನ್ ಟೇಬಲ್ ತಲುಪುವವರೆಗೆ ಹೆಚ್ಚಿನವರು ಎರಡೋ ಮೂರೋ ವರ್ಷ ಸರಿಯಾಗಿ ನಡೆದೇ ಇರುವುದಿಲ್ಲ. ಹಾಲಿನಂಗಡಿಗೂ ಸ್ಕೂಟರು. ಆ ವರ್ಷಗಳಲ್ಲಿ ತೂಕ ಏರಿರುತ್ತದೆ, ದಮ್ಮು ಇಳಿದಿರುತ್ತದೆ, ರಕ್ತದೊತ್ತಡ ಮೆಲ್ಲಗೆ ಮನೆಮಾಡಿರುತ್ತದೆ. ಹೊಸ ಮಂಡಿಗೆ ನೋವಿಲ್ಲದ್ದರಿಂದ ಮೈಯೆಲ್ಲ ಹೊಸದಾದಂತೆ ಅನ್ನಿಸುವುದು ಸಹಜ, ಹೃದಯ ಮಾತ್ರ ಹಳೆಯದೇ. ವಯಸ್ಸಾದ ಡೈವರುಗಳ ಸಾವಿನಲ್ಲಿ ದೊಡ್ಡ ಪಾಲು ಹೃದಯದ್ದು. ಆದ್ದರಿಂದ ಮೂಳೆವೈದ್ಯರ ಸಹಿ ಒಂದೇ ಸಾಲದು. ಅವರಿಗೆ ಮಂಡಿ ಗೊತ್ತು, ಸಮುದ್ರ ಗೊತ್ತಿಲ್ಲದಿರಬಹುದು. ಹೃದಯದ ಟ್ರೆಡ್‌ಮಿಲ್ ಪರೀಕ್ಷೆಯ ವರದಿಯೊಂದು ಕೈಯಲ್ಲಿದ್ದರೆ ಮಾತು ಚಿಕ್ಕದಾಗುತ್ತದೆ.

ಈಗ ವೆಟ್‌ಸೂಟಿಗೆ ಬರೋಣ. ಅದು ಹೇಗೆ ಬೆಚ್ಚಗಿಡುತ್ತದೆ ಎಂದರೆ ಹೆಚ್ಚಿನವರು ಪಾಠ ಒಪ್ಪಿಸುತ್ತಾರೆ: ಸೂಟಿನೊಳಗೆ ತೆಳುವಾಗಿ ನೀರು ಸೇರುತ್ತದೆ, ಮೈಶಾಖಕ್ಕೆ ಆ ನೀರು ಬಿಸಿಯಾಗಿ ನಮ್ಮನ್ನು ಕಾಯುತ್ತದೆ ಎಂದು. ಅರ್ಧ ಸತ್ಯ. ನಿಜವಾಗಿ ಕಾಯುವುದು ನಿಯೋಪ್ರೀನ್ ರಬ್ಬರಿನೊಳಗೆ ಸೆರೆಯಾದ ಸಣ್ಣ ಸಣ್ಣ ಅನಿಲದ ಗುಳ್ಳೆಗಳು. ಡುಪಾಂಟ್ ಕಂಪನಿ 1930ರಲ್ಲಿ ಕಂಡುಹಿಡಿದ ಈ ಕೃತಕ ರಬ್ಬರನ್ನು ಮೈಗೆ ತೊಡಿಸುವ ಯೋಚನೆಗೆ ರೂಪ ಕೊಟ್ಟವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್. ಲಾಸ್ ಅಲಮೋಸಿನಲ್ಲಿ ಅಣುಬಾಂಬ್ ಯೋಜನೆಗೆ ದುಡಿದಿದ್ದ ಈತ 1951ರ ಹೊತ್ತಿಗೆ ಅಮೆರಿಕದ ನೌಕಾಪಡೆಯ ಮುಳುಗುಗಾರರ ಚಳಿಯ ಬಗ್ಗೆ ತಲೆಕೆಡಿಸಿಕೊಂಡಿದ್ದರು. ಅದುವರೆಗೆ ಎಲ್ಲರೂ ಮೈಗೆ ನೀರು ತಾಗದ ಸೂಟಿನ ಹಿಂದೆ ಬಿದ್ದಿದ್ದರೆ, ಮೈ ಒದ್ದೆಯಾದರೆ ಆಗಲಿ, ಬಟ್ಟೆಯೊಳಗೆ ಗಾಳಿ ಹಿಡಿದಿಟ್ಟರೆ ಸಾಕು ಎಂದು ಹೊಳೆದದ್ದು ಬ್ರಾಡ್ನರ್‌ಗೆ. ಸೋರುವುದನ್ನೇ ಒಪ್ಪಿಕೊಂಡ ಉಡುಪು ಎಂಬುದೇ ಅದರ ಜಾಣತನ. ಮುಂದೆ ಸ್ಯಾನ್ ಫ್ರಾನ್ಸಿಸ್ಕೋದ ಜಾಕ್ ಓ'ನೀಲ್, ದಕ್ಷಿಣ ಕ್ಯಾಲಿಫೋರ್ನಿಯಾದ ಮೈಸ್ಟ್ರೆಲ್ ಅವಳಿಗಳು ಅದನ್ನು ಅಂಗಡಿಗೆ ತಂದರು.

ಒಳಗಿನ ನೀರಿನ ಕೆಲಸ ಒಂದೇ, ಅಲ್ಲಾಡದೆ ನಿಲ್ಲುವುದು. ಸೂಟು ಸಡಿಲವಾಗಿ, ಪ್ರತಿ ಸಲ ಕಾಲು ಬಡಿದಾಗ ಹಳೇ ನೀರು ಹೋಗಿ ಹೊಸ ನೀರು ಬಂದರೆ ಎಷ್ಟು ದಪ್ಪದ ರಬ್ಬರಾದರೂ ಒಂದೇ. ಗಾಳಿಗಿಂತ ಸುಮಾರು 25 ಪಟ್ಟು ಸುಲಭವಾಗಿ ನೀರು ಶಾಖವನ್ನು ಸಾಗಿಸುತ್ತದೆ. ಆದ್ದರಿಂದಲೇ ಸೂಟು ಆರಿಸುವಾಗ ಮಿಲಿಮೀಟರಿಗಿಂತ ಅಳತೆ ಮುಖ್ಯ. ಮಂಡಿ ಆಪರೇಷನ್ ಆದವರ ನಿಜವಾದ ತೊಡಕು ಶುರುವಾಗುವುದೂ ಇಲ್ಲಿಂದಲೇ, ಯಾಕೆಂದರೆ ಅವರ ಎರಡು ಕಾಲು ಒಂದೇ ಅಳತೆಯವಾಗಿ ಉಳಿದಿರುವುದಿಲ್ಲ.

ಒಂದು ಟೇಪು ತೆಗೆದುಕೊಂಡು ಅಳೆದರೆ ಕಾಣುತ್ತದೆ. ಆಪರೇಷನ್ ಆದ ಕಾಲಿನ ತೊಡೆ ಬಡವಾಗಿರುತ್ತದೆ, ತೊಡೆಯ ಮುಂಭಾಗದ ಸ್ನಾಯು ಕರಗಿದ್ದು ಮರಳಿ ತುಂಬಲು ತಿಂಗಳುಗಟ್ಟಲೆ ಬೇಕು. ಅದೇ ಕಾಲಿನ ಮಂಡಿ ಮಾತ್ರ ಉಬ್ಬಿರುತ್ತದೆ. ಉಳಿಕೆ ಬಾವು ಆರು ತಿಂಗಳಾದರೂ, ಕೆಲವರಲ್ಲಿ ಅದಕ್ಕೂ ಹೆಚ್ಚು, ಸಂಜೆ ಹೊತ್ತಿಗೆ ತಲೆಯೆತ್ತುತ್ತದೆ. ಐದು ವರ್ಷದ ಹಿಂದೆ ಮೈಗೆ ಅಚ್ಚು ಹೊಡೆದಂತೆ ಕೂರುತ್ತಿದ್ದ ಹಳೇ ಸೂಟು ಈಗ ತೊಡೆಯಲ್ಲಿ ಜೋಲು, ಮಂಡಿಯಲ್ಲಿ ಬಿಗಿ. ಆದ್ದರಿಂದ ತೊಡೆಯ ನಡು, ಮಂಡಿಚಿಪ್ಪಿನ ಸುತ್ತ, ಮೀನಖಂಡ, ಕಣಕಾಲು, ನಾಲ್ಕೂ ಕಡೆ ಎರಡೂ ಕಾಲನ್ನು ಅಳೆಯಬೇಕು. ಅಳೆಯುವುದು ಸಂಜೆಗೆ, ಬಾವು ಇರುವಾಗ. ದೊಡ್ಡ ಅಳತೆಗೆ ಸೂಟು, ಚಿಕ್ಕ ತೊಡೆಗೆ ವ್ಯಾಯಾಮ.

ಗಾಯದ ಕಲೆಯೂ ತನ್ನದೊಂದು ಮಾತು ಹೇಳುತ್ತದೆ. ಮಂಡಿಯ ಮೇಲೆ ಉದ್ದಕ್ಕೆ ಇಳಿದ ಗೀರಿನ ಹೊರಮಗ್ಗುಲಲ್ಲಿ ಅಂಗೈಯಗಲದ ಜಾಗ ಅನೇಕರಿಗೆ ಮರಗಟ್ಟಿದಂತಿರುತ್ತದೆ. ಚರ್ಮಕ್ಕೆ ಬರುವ ಸಣ್ಣ ನರವೊಂದು ಶಸ್ತ್ರಚಿಕಿತ್ಸೆಯಲ್ಲಿ ತುಂಡಾಗುವುದೇ ಇದಕ್ಕೆ ಕಾರಣ, ವೈದ್ಯರ ತಪ್ಪಲ್ಲ. ದೇವರ ಮುಂದೆ ಮಂಡಿಯೂರಿದರೆ ಕಂಬಳಿಯ ಮೇಲೆ ಯಾರದೋ ಕಾಲು ಊರಿದಂತೆ ಭಾಸವಾಗುತ್ತದೆಂದು ಹೇಳುವವರಿದ್ದಾರೆ. ಈ ಮರಗಟ್ಟಿದ ತೇಪೆಯ ಮೇಲೆ ಬಂಡೆ ತರಚಿದರೆ ಗೊತ್ತೇ ಆಗುವುದಿಲ್ಲ. ನೇತ್ರಾಣಿಯ ಬಂಡೆಗಳ ಮೈಯಲ್ಲಿ ಚಿಪ್ಪುಹುಳು, ಮುಳ್ಳಿನ ಸಮುದ್ರಗೋಲಿ, ಹವಳ ಎಲ್ಲ ಇವೆ. ಹವಳದ ತರಚುಗಾಯ ಯಾರಿಗೂ ಒಳ್ಳೆಯದಲ್ಲ, ಕೃತಕ ಮಂಡಿಯವರಿಗೆ ಇನ್ನೂ ಕೆಟ್ಟದ್ದು. ಚರ್ಮದ ಸೋಂಕಿನ ಬ್ಯಾಕ್ಟೀರಿಯಾ ರಕ್ತಕ್ಕಿಳಿದು ಒಳಗಿನ ಲೋಹದ ಮೇಲೆ ಪಾಚಿಯಂತೆ ಪದರ ಕಟ್ಟಿಕೊಂಡರೆ ಔಷಧಿ ಅಲ್ಲಿಗೆ ಸಲೀಸಾಗಿ ತಲುಪುವುದಿಲ್ಲ. ಲೋಹಕ್ಕೆ ರಕ್ತನಾಳವಿಲ್ಲವಲ್ಲ. ಕೆಲವೊಮ್ಮೆ ಮಂಡಿಯನ್ನೇ ತೆಗೆದು ಮತ್ತೆ ಹಾಕಬೇಕಾಗುತ್ತದೆ.

ಈ ಕಾರಣಕ್ಕೇ 'ಶಾರ್ಟಿ' ಎಂಬ ಮಂಡಿಯ ಮೇಲಕ್ಕೇ ಮುಗಿಯುವ ಸೂಟಿನ ಆಸೆ ಬಿಡುವುದು ಒಳಿತು. ಆಸೆ ಯಾಕೆಂದು ಅರ್ಥವಾಗುತ್ತದೆ. ಹಾಕಿಕೊಳ್ಳುವುದು ಚಡ್ಡಿಯಷ್ಟು ಸುಲಭ, ಹಿಮ್ಮಡಿಯ ಗೋಳೇ ಇಲ್ಲ, ಸೀಸನ್ನಿನಲ್ಲಿ ನಮ್ಮ ಕರಾವಳಿಯ ನೀರೇನೂ ಕೊರೆಯುವಂಥದ್ದಲ್ಲ, 27ರಿಂದ 29 ಡಿಗ್ರಿ. ಆದರೆ ಚಿಂತೆ ಇಲ್ಲಿ ಚಳಿಯದಲ್ಲ, ಚರ್ಮದ್ದು. ಕಾಲುದ್ದದ ಸೂಟು ಕಲೆಯನ್ನು ಮುಚ್ಚುತ್ತದೆ, ಲೋಳೆಮೀನಿನ ಎಳೆಗಳು ಸೋಕದಂತೆ ಕಾಯುತ್ತದೆ, ಏಣಿಯ ಕಬ್ಬಿಣಕ್ಕೆ ಮಂಡಿ ಬಡಿದರೆ ಮೆತ್ತೆಯಾಗುತ್ತದೆ. 3 ಮಿಲಿಮೀಟರ್ ಸಾಕು. ತಡಿಯಿಂದ ಗಲ್ಫಿಗೆ ಹೋದ ನಮ್ಮವರು ಫುಜೈರಾದಲ್ಲಿ ಚಳಿಗಾಲದ ಡೈವಿಂಗ್ ಮಾಡುವುದಾದರೆ ಅಲ್ಲಿ ನೀರು 22-23 ಡಿಗ್ರಿಗೆ ಇಳಿಯುತ್ತದೆ, 5 ಮಿಲಿಮೀಟರ್ ಬೇಕಾಗುತ್ತದೆ. ಮಿಲಿಮೀಟರ್ ಏರಿದಷ್ಟೂ ಸೂಟು ಗಡುಸು, ಮಂಡಿ ಮಡಚಲು ಅಷ್ಟೂ ಹೆಚ್ಚು ಬಲ. ಇನ್ನು ಇಳಿವಯಸ್ಸಿನವರಿಗೆ ಚಳಿ ಬೇಗ ಹತ್ತುತ್ತದೆಂದು 7 ಮಿಲಿಮೀಟರ್ ಹಾಕಿಸಿಕೊಂಡರೆ ಕಾಲು ಕಂಬವಾಗುತ್ತದೆ. ಅದಕ್ಕಿಂತ 3ರ ಸೂಟಿನ ಒಳಗೆ ತೋಳಿಲ್ಲದ ಒಳಬನಿಯನ್, ತಲೆಗೊಂದು ಟೊಪ್ಪಿಗೆ ಸೇರಿಸಿದರೆ ಎದೆ ಬೆಚ್ಚಗಿದ್ದು ಕಾಲು ಹಗುರಾಗಿ ಉಳಿಯುತ್ತದೆ.

ಅಂಗಡಿಯವರು ಬ್ರ್ಯಾಂಡ್ ಹೇಳುತ್ತಾರೆ, ಬಣ್ಣ ತೋರಿಸುತ್ತಾರೆ. ನೋಡಬೇಕಾದದ್ದು ಕಣಕಾಲಿನ ಜಿಪ್. ಸೂಟಿನ ಕಾಲಿನ ತುದಿಯಿಂದ ಮೇಲಕ್ಕೆ ಒಂದು ಗೇಣು ತೆರೆಯುವ ಆ ಜಿಪ್ ಇದ್ದರೆ ಹಿಮ್ಮಡಿ ಸರಾಗವಾಗಿ ದಾಟುತ್ತದೆ. ಬೆಲೆಪಟ್ಟಿಯಲ್ಲಿ ಇದರ ಹೆಸರೂ ಇರುವುದಿಲ್ಲ, ಹೊಸ ಮಾದರಿಗಳಲ್ಲಿ ನೀರು ಸೋರುತ್ತದೆಂದು ತೆಗೆದುಹಾಕಿಯೂ ಇರುತ್ತಾರೆ. ಒಂದಿಷ್ಟು ನೀರು ಸೋರಿದರೆ ಸೋರಲಿ. ಎರಡನೆಯದು, ಮೇಲು-ಕೆಳಗು ಬೇರೆಬೇರೆ ಇರುವ ಎರಡು ತುಂಡಿನ ಸೂಟು. ಪ್ಯಾಂಟಿನ ಭಾಗವನ್ನು ರೂಮಿನಲ್ಲೇ, ಮಂಚದ ಮೇಲೆ ನಿಧಾನಕ್ಕೆ ಹಾಕಿಕೊಂಡು ಬೋಟ್ ಹತ್ತಬಹುದು. ತೂಗಾಡುವ ಬೋಟಿನಲ್ಲಿ ಹಾಕಿಕೊಳ್ಳಲು ಉಳಿಯುವುದು ಮೇಲಿನ ತುಂಡಷ್ಟೇ. ಮೂರನೆಯದು ಹೊಲಿಗೆ. ಮಂಡಿಯ ಮೇಲೆ ಕೂರುವ ಗಟ್ಟಿ ಪಟ್ಟಿಯ ಅಂಚು ಗಾಯದ ಕಲೆಯ ಮೇಲೆಯೇ ಬರುತ್ತಿದ್ದರೆ ಅರ್ಧ ಗಂಟೆಯಲ್ಲಿ ಉಜ್ಜಿ ಕೆಂಪಾಗುತ್ತದೆ. ಮಂಡಿಯ ಹಿಂಬದಿ ರಬ್ಬರು ಮುದುಡಿ ಗಂಟಾಗುತ್ತದೆಯೇ ಎಂದು ಕುರ್ಚಿಯಲ್ಲಿ ಕೂತು, ಎದ್ದು, ಅಂಗಡಿಯ ಮೆಟ್ಟಿಲಿದ್ದರೆ ಒಂದೆರಡು ಹತ್ತಿ ನೋಡಬೇಕು. ನಿಂತು ಕನ್ನಡಿ ನೋಡಿದರೆ ಎಲ್ಲ ಸೂಟೂ ಚೆನ್ನಾಗಿಯೇ ಕಾಣುತ್ತದೆ.

ಹಾಕಿಕೊಳ್ಳುವ ಉಪಾಯಗಳಲ್ಲಿ ಅತಿ ಅಗ್ಗದ್ದು, ಅತಿ ಒಳ್ಳೆಯದು ಪ್ಲಾಸ್ಟಿಕ್ ಚೀಲ. ಪಾದಕ್ಕೆ ಒಂದು ತೆಳು ಚೀಲ ಸಿಕ್ಕಿಸಿಕೊಂಡರೆ ಬರಿಗಾಲಿಗೆ ಕಚ್ಚುವ ರಬ್ಬರು ಜಾರಿಕೊಂಡು ಹೋಗುತ್ತದೆ, ಹಿಮ್ಮಡಿ ದಾಟಿದ ಮೇಲೆ ಚೀಲವನ್ನು ಕೆಳಗಿನಿಂದ ಎಳೆದು ಇನ್ನೊಂದು ಕಾಲಿಗೆ ಹಾಕಿದರಾಯಿತು, ಸಮುದ್ರಕ್ಕೆ ಹಾರದಂತೆ ಜೇಬಿಗೆ ತುರುಕಿದರಾಯಿತು. ಆಪರೇಷನ್ ಆದ ಕಾಲು ಮೊದಲು. ಆಗ ಮೈಯಲ್ಲಿ ದಮ್ಮು ಇರುತ್ತದೆ, ಸೂಟಿನ ಉಳಿದ ಭಾಗ ಸಡಿಲವಾಗಿರುತ್ತದೆ. ಕೂತೇ ಹಾಕಿಕೊಳ್ಳಬೇಕು, ಕಾಲನ್ನು ಮುಂದಕ್ಕೆ ಚಾಚಬೇಕು, ಎದುರಿಗಿರುವ ಜೊತೆಗಾರ ಸೂಟಿನ ತುದಿಯನ್ನು ತೊಡೆಯ ಕಡೆಗೆ ಮಡಚುತ್ತ ಸರಿಸಬೇಕು, ಸೀರೆಯ ನೆರಿಗೆ ಮಡಚುವಷ್ಟು ತಾಳ್ಮೆಯಿಂದ. ಬಿಚ್ಚುವಾಗ ಇನ್ನೂ ಎಚ್ಚರ. ಒದ್ದೆ ಸೂಟಿನ ತುದಿಯನ್ನು ಒಂದು ಕಾಲಲ್ಲಿ ತುಳಿದು ಇನ್ನೊಂದು ಕಾಲನ್ನು ತಿರುಚಿ ಎಳೆದುಕೊಳ್ಳುವ ಹುಡುಗರ ಪದ್ಧತಿ ಇದೆಯಲ್ಲ, ಕೃತಕ ಮಂಡಿಗೆ ಬೇಡದ್ದು ಅದೇ. ಹೊಸ ಮಂಡಿ ಮಡಚುತ್ತದೆ, ಚಾಚುತ್ತದೆ. ಪಾದ ನೆಲಕ್ಕೆ ಅಂಟಿರುವಾಗ ಮೈ ತಿರುಗಿದರೆ ಅದಕ್ಕೆ ಹಿಡಿಸುವುದಿಲ್ಲ.

ಆಪರೇಷನ್ ಚೆನ್ನಾಗಿ ಆದವರ ಮಂಡಿ 120 ಡಿಗ್ರಿಯವರೆಗೆ ಮಡಚುವುದು ಸಾಮಾನ್ಯ. ಕುರ್ಚಿಗೆ, ಮೆಟ್ಟಿಲಿಗೆ, ಬಸ್ಸಿನ ಸೀಟಿಗೆ ಅಷ್ಟು ಧಾರಾಳ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲು ಸಾಲದು, ಕುಕ್ಕರಗಾಲಲ್ಲಿ ಕೂರಲು ಇನ್ನೂ ಸಾಲದು. ನೀರಿನಲ್ಲಿ ಕಾಲು ಬಡಿಯಲು ಮಾತ್ರ ಇಷ್ಟೆಲ್ಲ ಬೇಡ. ಸೊಂಟದಿಂದ ಕಾಲನ್ನು ನೀಳವಾಗಿ ಬೀಸುವ ಸಾದಾ ಬಡಿತ ಮಂಡಿಗೆ ಹಿತ. ಕಪ್ಪೆಯಂತೆ ಕಾಲನ್ನು ಮಡಚಿ ಹೊರಕ್ಕೆ ಝಾಡಿಸಿದರೆ ಮಂಡಿಯ ಒಳಮಗ್ಗುಲಿಗೆ ಎಳೆತ ಬೀಳುತ್ತದೆ, ಈಜುಕೊಳದಲ್ಲೂ ಬ್ರೆಸ್ಟ್‌ಸ್ಟ್ರೋಕನ್ನು ಕೊನೆಗಿಡಬೇಕು. ಈಜಲು ಪಾದಕ್ಕೆ ತೊಡುವ ಫಿನ್ನು ಉದ್ದವಾಗಿ ಗಡುಸಾಗಿದ್ದರೆ ಅದು ಮಂಡಿಯನ್ನು ಸನ್ನೆಗೋಲಿನಂತೆ ಮೀಟುತ್ತದೆ. ಮೆತ್ತನೆಯ, ಗಿಡ್ಡ ಫಿನ್ನು, ಹಿಂದೆ ಸ್ಪ್ರಿಂಗಿನ ಪಟ್ಟಿ ಇರುವಂಥದ್ದು ಸಾಕು. ಬಗ್ಗಿ ಬಕಲ್ ಹಾಕುವ ಕೆಲಸವೂ ತಪ್ಪುತ್ತದೆ.

ಇನ್ನು ಆ ಏಣಿ. ಫಿಸಿಯೊಥೆರಪಿಸ್ಟರು ಮೊದಲ ವಾರದಲ್ಲೇ ಬಾಯಿಪಾಠ ಮಾಡಿಸುವ ಒಂದು ಸೂತ್ರವಿದೆ: ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಕಾಲು ಮುಂದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕಲಿತದ್ದು ಬೋಟಿನ ಏಣಿಗೂ ಅಷ್ಟೇ ಸರಿ. ಅದಕ್ಕಿಂತ ಮೊದಲು ಭಾರ ಕಳಚಬೇಕು. ನೀರಿನಲ್ಲಿ ತೇಲುತ್ತಿರುವಾಗಲೇ ಸೀಸದ ಬೆಲ್ಟನ್ನು ಬೋಟಿನ ಹುಡುಗನ ಕೈಗೆ ಕೊಟ್ಟು, ಜಾಕೆಟ್ಟಿಗೆ ಗಾಳಿ ತುಂಬಿ ಸಿಲಿಂಡರಿನ ಸಮೇತ ಬಿಚ್ಚಿ ಮೇಲಕ್ಕೆ ಕಳಿಸಿ, ಏಣಿ ಕೈಗೆ ಸಿಕ್ಕ ಮೇಲಷ್ಟೇ ಫಿನ್ನು ತೆಗೆದು, ಬರಿಮೈಯಲ್ಲಿ ಹತ್ತಿದರೆ 20 ಕಿಲೋ, ಅಂದರೆ ಮಂಡಿಯ ಮೇಲಿನ 60 ಕಿಲೋಗೂ ಹೆಚ್ಚು, ಇಳಿದಂತಾಯಿತು. ಇದನ್ನು ಕೇಳಲು ನಾಚುವವರು ಹೆಚ್ಚು, ಅದರಲ್ಲೂ ಗಂಡಸರು. ನೀರಿಗೆ ಇಳಿಯುವುದೂ ಹಾಗೆಯೇ: ದೊಡ್ಡ ಹೆಜ್ಜೆಯಿಟ್ಟು ಮೇಲಿನಿಂದ ಧುಮುಕುವುದಕ್ಕಿಂತ, ಅಂಚಿನಲ್ಲಿ ಕೂತು ಬೆನ್ನು ಹಿಂದಕ್ಕೆ ಉರುಳಿಸುವುದೋ, ಮೊದಲು ಮೈ ಇಳಿಸಿ ಆಮೇಲೆ ನೀರಲ್ಲೇ ಸಿಲಿಂಡರು ತೊಡುವುದೋ ವಾಸಿ. ದಡದಿಂದ ಅಲೆಯೊಳಗೆ ನಡೆದು ಹೋಗುವ ಡೈವಿಂಗನ್ನು ಮಾತ್ರ ಮೊದಲ ವರ್ಷ ಕೈಬಿಡಬೇಕು. ಕಾಲಡಿ ಮರಳು ಜಾರುವಾಗ, ಬೆನ್ನ ಮೇಲೆ ಭಾರ ಇರುವಾಗ, ಅಲೆ ಪಕ್ಕದಿಂದ ಹೊಡೆದರೆ ಸ್ವಂತ ಮಂಡಿಗಳೇ ತಡೆಯುವುದಿಲ್ಲ.

ಸೈಪ್ರಸ್‌ನ ಲಾರ್ನಾಕಾದಲ್ಲಿ 1980ರಲ್ಲಿ ಮುಳುಗಿದ ಜೆನೋಬಿಯಾ ಹಡಗಿನ ಬಳಿ 2019ರಲ್ಲಿ ರೇ ವೂಲಿ ಎಂಬ ಬ್ರಿಟಿಷ್ ಯುದ್ಧಯೋಧ 42 ಮೀಟರ್ ಆಳಕ್ಕಿಳಿದರು. ಆಗ ಅವರಿಗೆ 96 ವರ್ಷ. ಆಳವೂ ವಯಸ್ಸೂ ಎದುರಾಳಿಗಳೇ ಆಗಬೇಕಿಲ್ಲ ಎನ್ನಲು ಇಷ್ಟು ಸಾಕು. ಹಾಗೆಂದು ಮಂಡಿ ಬದಲಾದವರ ಮೊದಲ ಡೈವ್ ದಾಖಲೆಯ ಪ್ರಯತ್ನವಾಗಬಾರದು. ಈಜುಕೊಳದಲ್ಲಿ ಪೂರ್ತಿ ಸಲಕರಣೆಯೊಂದಿಗೆ ಒಂದು ತಾಲೀಮು, ಆಮೇಲೆ ಸಮುದ್ರದಲ್ಲಿ ಏಳೆಂಟು ಮೀಟರಿನ, ಅರ್ಧ ಗಂಟೆಯ ಒಂದೇ ಡೈವ್.

ಒಂದೇ ಎನ್ನಲು ಕಾರಣ ಇದೆ. ಆಳದಲ್ಲಿ ರಕ್ತದಲ್ಲಿ ಕರಗಿದ ಸಾರಜನಕ, ಮೇಲೆ ಬಂದಾಗ ಗುಳ್ಳೆಯಾಗಿ ಕೀಲುಗಳಲ್ಲಿ ನೋವು ತರುವ ಕಾಯಿಲೆಗೆ ಇಂಗ್ಲಿಷಿನಲ್ಲಿ 'ಬೆಂಡ್ಸ್' ಎನ್ನುತ್ತಾರೆ. 1870ರ ಆಸುಪಾಸಿನಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಸೇತುವೆಯ ಬುಡಕ್ಕೆ, ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಗಳೊಳಗೆ ದುಡಿದು ಬಂದ ಕೂಲಿಗಳು ನೋವಿಗೆ ಬಗ್ಗಿ ನಡೆಯುತ್ತಿದ್ದುದರಿಂದ ಬಂದ ಅಡ್ಡಹೆಸರು. ಕೃತಕ ಮಂಡಿ ಈ ಕಾಯಿಲೆಯನ್ನು ಹೆಚ್ಚಿಸುತ್ತದೆಂದು ಸಾಬೀತಾಗಿಲ್ಲ. ಗೊಂದಲವನ್ನು ಮಾತ್ರ ಖಂಡಿತ ಹೆಚ್ಚಿಸುತ್ತದೆ. ಸಂಜೆ ಮಂಡಿ ನೋಯುತ್ತಿದೆ: ಏಣಿ ಹತ್ತಿದ್ದಕ್ಕೋ, ಗುಳ್ಳೆಗೋ? ಡೈವಿಂಗಿಗೆ ಮೊದಲು ಎಲ್ಲಿ, ಎಷ್ಟು, ಯಾವ ಭಂಗಿಯಲ್ಲಿ ನೋವಿತ್ತೆಂದು ಬರೆದಿಟ್ಟವರು ವೈದ್ಯರ ಮುಂದೆ ಸುಲಭವಾಗಿ ಉತ್ತರಿಸಬಲ್ಲರು.

ಬೆಂಗಳೂರಿನವರು ಇಲ್ಲಿ ಒಂದು ಲೆಕ್ಕ ತಪ್ಪುತ್ತಾರೆ. ಡೈವಿಂಗ್ ಮುಗಿಸಿದವರು ವಿಮಾನ ಹತ್ತುವ ಮೊದಲು ಒಂದೇ ಡೈವ್ ಆಗಿದ್ದರೆ 12 ಗಂಟೆ, ಹಲವು ಆಗಿದ್ದರೆ 18 ಗಂಟೆ ಕಾಯಬೇಕೆಂಬುದು ಎಲ್ಲರಿಗೂ ಗೊತ್ತು. ಬಸ್ಸಿನಲ್ಲಿ ಹೋಗುವವರಿಗೆ ಅದು ಅನ್ವಯಿಸುವುದಿಲ್ಲ ಎಂದುಕೊಳ್ಳುತ್ತಾರೆ. ಆ ಸೂಚನೆ 2,000 ಅಡಿಯಿಂದ ಮೇಲಿನ ಎತ್ತರಕ್ಕೆಲ್ಲ ಹೊಂದುವಂಥದ್ದು, ಬೆಂಗಳೂರು ಇರುವುದು ಸುಮಾರು 3,000 ಅಡಿಯಲ್ಲಿ. ಭಾನುವಾರ ಮಧ್ಯಾಹ್ನ ನೇತ್ರಾಣಿಯಲ್ಲಿ ಎರಡು ಡೈವ್ ಮುಗಿಸಿ, ಸಂಜೆ ಬಸ್ ಹತ್ತಿ, ರಾತ್ರಿ ಘಟ್ಟ ಏರಿದರೆ ಬೆಳಗಾಗುವುದರೊಳಗೆ ಅಷ್ಟೆತ್ತರ ತಲುಪಿಯಾಯಿತು. ಹೊಸ ಮಂಡಿಗೆ ರಾತ್ರಿಯಿಡೀ ಮಡಚಿ ಕೂರುವ ಶಿಕ್ಷೆ ಬೇರೆ. ಒಂದು ರಾತ್ರಿ ಮುರುಡೇಶ್ವರದಲ್ಲೇ ಉಳಿದು, ಕಾಲನ್ನು ದಿಂಬಿನ ಮೇಲಿಟ್ಟು ಮಲಗಿ, ಸೋಮವಾರ ಹೊರಡುವುದಕ್ಕೆ ಒಂದು ದಿನದ ರಜೆಯಷ್ಟೇ ಖರ್ಚು.

ಆ ಸಂಜೆ ರೂಮಿನಲ್ಲಿ ಮಾಡಬೇಕಾದ ಕೆಲಸಗಳು ಚಿಕ್ಕವು. ಕಾಲನ್ನು ಸಿಹಿನೀರಲ್ಲಿ ಸೋಪು ಹಾಕಿ ತೊಳೆದು, ಮರಗಟ್ಟಿದ ಜಾಗದಲ್ಲಿ ತರಚಿದೆಯೇ ಎಂದು ಬೆರಳಿನಿಂದಲ್ಲ, ಕಣ್ಣಿಂದ ನೋಡುವುದು. ಸೂಟನ್ನು ನೀರಲ್ಲಿ ಅದ್ದಿ, ಕಣಕಾಲಿನ ಜಿಪ್ಪಿನ ಹಲ್ಲುಗಳಿಂದ ಉಪ್ಪು ಬಿಡಿಸಿ, ಮೇಣದ ಬತ್ತಿಯ ಚೂರೊಂದನ್ನು ಉಜ್ಜಿ ನೆರಳಲ್ಲಿ ಒಣಹಾಕುವುದು. ಆಮೇಲೆ ಚೀಲದಿಂದ ಅದೇ ಟೇಪು ತೆಗೆದು ಮಂಡಿಯ ಸುತ್ತ ಇನ್ನೊಮ್ಮೆ ಅಳೆಯುವುದು. ಬೆಳಗಿನ ಅಳತೆಗಿಂತ ಹೆಚ್ಚಾಗಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸು. ಮಾರನೇ ಬೆಳಿಗ್ಗೆಯೂ ಅಳತೆ ಇಳಿಯದಿದ್ದರೆ, ಬೋಟಿನ ಹುಡುಗನಿಗೆ ಫೋನ್ ಮಾಡಿ ಆ ವಾರದ ಮಟ್ಟಿಗೆ ಒಂದು ಹೆಸರು ಕಡಿಮೆ ಮಾಡಿಸುವುದು.